ಕಡಲು ಬಿಟ್ಟಿ, ಕುರ್ಚಿಗೆ ಕಾಸು: ಫೆತಿಯೆಯಲ್ಲಿ ಕೈಹಿಡಿತದ ಒಂದು ವಾರ

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಗಂಡ, ಹೆಂಡತಿ, 9 ಮತ್ತು 5 ವರ್ಷದ ಇಬ್ಬರು ಮಕ್ಕಳು. ದಾವಣಗೆರೆಯಿಂದ ಅತ್ತೆಯೂ ಬಂದು ಮೂರು ತಿಂಗಳು ನಮ್ಮ ಜೊತೆ ಇರುತ್ತಾರೆ. ಅಕ್ಟೋಬರ್ ಕೊನೆಯ ಶಾಲಾ ರಜೆಯಲ್ಲಿ ಎಲ್ಲರೂ ಒಂದು ವಾರ ಟರ್ಕಿಯ ಕಡಲತೀರಕ್ಕೆ ಹೋಗುವ ಆಸೆ. ಆಫೀಸಿನವರೆಲ್ಲ ‘ಟರ್ಕಿ ಅಗ್ಗ, ಆಲ್ ಇನ್‌ಕ್ಲೂಸಿವ್ ಪ್ಯಾಕೇಜ್ ತಗೊಂಡುಬಿಡಿ’ ಅಂತಾರೆ. ನಾವು ಸಸ್ಯಾಹಾರಿಗಳು, ಕುಡಿಯುವುದಿಲ್ಲ. ಫೆತಿಯೆ, ಓಲುದೆನಿಜ್ ಹೆಸರು ಕೇಳಿದ್ದೇವೆ. ಅಲ್ಲಿ ನಿಜಕ್ಕೂ ಅಗ್ಗವೇ? ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು? ದೊಡ್ಡ ಮಗನಿಗೆ ಪ್ಯಾರಾಗ್ಲೈಡಿಂಗ್ ಮಾಡಬೇಕಂತೆ, ಅದನ್ನೂ ಹೇಳಿ.

ಉತ್ತರ: ಮೊದಲು ಅತ್ತೆಯ ಪಾಸ್‌ಪೋರ್ಟ್ ತೆಗೆದು ಷೆಂಗೆನ್ ವೀಸಾದ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಚೀಟಿ ನೋಡಿ. ಎಷ್ಟು ಸಲ ಒಳಬರಬಹುದು ಎಂಬ ಕಡೆ ‘MULT’ ಎಂದಿದ್ದರೆ ಮುಂದೆ ಓದಿ. ‘01’ ಎಂದಿದ್ದರೆ ಟಿಕೆಟ್ ಬುಕ್ ಮಾಡಬೇಡಿ. ಟರ್ಕಿ ಷೆಂಗೆನ್ ಒಳಗಿಲ್ಲ. ಒಂದೇ ಪ್ರವೇಶದ ವೀಸಾದಲ್ಲಿ ಬಂದವರು ಅಲ್ಲಿಗೆ ಹೋದ ಗಳಿಗೆಗೇ ಜರ್ಮನಿಯ ಬಾಗಿಲು ಮುಚ್ಚಿದಂತೆ. ವಾಪಸ್ ಸ್ಟುಟ್‌ಗಾರ್ಟ್‌ಗೆ ಬರಲಾಗದೆ ಅಲ್ಲಿಂದಲೇ ಊರಿಗೆ ಹೋಗಬೇಕಾಗುತ್ತದೆ. ಇಂಥ ಪ್ರಶ್ನೆಗಳಲ್ಲಿ ಹೋಟೆಲು, ಊಟ, ಬಿಸಿಲು ಎಲ್ಲ ಕೇಳುತ್ತಾರೆ, ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಟರ್ಕಿಯ ವೀಸಾ ಅದಕ್ಕಿಂತ ಸಲೀಸು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇ-ವೀಸಾ ಸುಮ್ಮನೆ ಸಿಗುವುದಿಲ್ಲ. ಆದರೆ ಷೆಂಗೆನ್, ಬ್ರಿಟನ್, ಐರ್ಲೆಂಡ್ ಅಥವಾ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಸಿಗುತ್ತದೆ: 30 ದಿನ, ಒಂದೇ ಪ್ರವೇಶ. ನಿಮ್ಮ ಜರ್ಮನ್ ವಾಸದ ಕಾರ್ಡೂ ನಡೆಯುತ್ತದೆ, ಅತ್ತೆಯ ಷೆಂಗೆನ್ ವೀಸಾ ಕೂಡ. ಮಕ್ಕಳಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಅರ್ಜಿಯನ್ನು ಟರ್ಕಿ ಸರ್ಕಾರದ ಜಾಲತಾಣದಲ್ಲೇ ಹಾಕಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದು ಬಹುಪಾಲು ದಲ್ಲಾಳಿಗಳ ತಾಣಗಳು. ಅದೇ ವೀಸಾವನ್ನೇ ಮೇಲೊಂದಿಷ್ಟು ಹಾಕಿ ಮಾರುತ್ತಾರೆ, ಅಷ್ಟೆ.

ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತ 2025ರ ಮೇ ತಿಂಗಳ ನಂತರ ಭಾರತದಿಂದ ಟರ್ಕಿಗೆ ಹೋಗುವುದು ಬೇಡ ಎಂದು ತೀರ್ಮಾನಿಸಿದ ಮನೆಗಳು ಬಹಳ. ನಿಮ್ಮ ಮನೆಯಲ್ಲೂ ಆ ಮಾತು ಬಂದೇ ಬಂದಿರುತ್ತದೆ. ಅದು ನೀವು ಕೂತು ಮಾಡಿಕೊಳ್ಳಬೇಕಾದ ತೀರ್ಮಾನ. ಹೋಗುವುದು ಎಂದಾದರೆ ಖರ್ಚಿನ ಲೆಕ್ಕ ನಾನು ಹೇಳುತ್ತೇನೆ.

ಅಗ್ಗವೇ ಎಂದು ಕೇಳಿದ್ದೀರಿ. ನಿಮ್ಮ ಆಫೀಸಿನವರು ಹೇಳುತ್ತಿರುವುದು ನಾಲ್ಕೈದು ವರ್ಷ ಹಿಂದಿನ ಟರ್ಕಿ. 2021ರ ಆರಂಭದಲ್ಲಿ ಒಂದು ಡಾಲರಿಗೆ ಏಳೂವರೆ ಲಿರಾದಷ್ಟಿತ್ತು, 2025ರ ಮಧ್ಯದಲ್ಲಿ ಸುಮಾರು 40. ಇಷ್ಟು ಬಿದ್ದ ನಾಣ್ಯದ ದೇಶ ನಮಗೆ ಅಗ್ಗವಾಗಲೇಬೇಕಲ್ಲ ಎನ್ನಿಸುವುದು ಸಹಜ. ಆದರೆ ಬೆಲೆಗಳೂ ಸುಮ್ಮನೆ ಕೂತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಸರ್ಕಾರವೇ ಒಪ್ಪಿಕೊಂಡ ವಾರ್ಷಿಕ ಹಣದುಬ್ಬರ ಶೇ. 85ರ ಮೇಲಿತ್ತು. ಆಮೇಲಿನ ವರ್ಷಗಳಲ್ಲಿ ಲಿರಾ ಬಿದ್ದ ವೇಗಕ್ಕಿಂತ ಹೋಟೆಲು, ಊಟಗಳ ಬೆಲೆ ಏರಿದ ವೇಗ ಜಾಸ್ತಿಯಾಯಿತು. ಕಡಲಿಗೆ ಮುಖ ಮಾಡಿದ ಮೇಜಿನಲ್ಲಿ ಕೂತು ಉಂಡರೆ ಈಗ ಬಿಲ್ಲು ಗ್ರೀಸಿನ ದ್ವೀಪಗಳಿಗೆ ಸಮಕ್ಕೆ ಬರುತ್ತದೆ, ಕೆಲವೊಮ್ಮೆ ಅದನ್ನೂ ಮೀರುತ್ತದೆ. ಅಲ್ಲಿಂದ ಎರಡು ಬೀದಿ ಒಳಗೆ ಊರಿನವರ ಬೆಲೆ ಇದೆ. ನಿಮ್ಮ ವಾರದ ಖರ್ಚು ತೀರ್ಮಾನವಾಗುವುದು ಆ ಎರಡು ಬೀದಿಗಳ ನಡುವೆ. ಹಾಗಾಗಿ ನಾನಿಲ್ಲಿ ದರಗಳನ್ನು ಬರೆಯುತ್ತಿಲ್ಲ. ಲಿರಾದಲ್ಲಿ ಇಂದು ಬರೆದದ್ದು ನೀವು ವಿಮಾನ ಹತ್ತುವ ಹೊತ್ತಿಗೆ ಹಳಸಿರುತ್ತದೆ.

ಈಗ ಆಲ್ ಇನ್‌ಕ್ಲೂಸಿವ್. ಅಲ್ಲಿನ ಭಾಷೆಯಲ್ಲಿ ‘ಹೆರ್ ಶೆಯ್ ದಾಹಿಲ್’, ಎಲ್ಲವೂ ಒಳಗೊಂಡದ್ದು. ಒಳಗೊಂಡಿರುವುದು ಏನು? ಬೆಳಗಿನಿಂದ ರಾತ್ರಿವರೆಗೆ ಬಿಯರು, ವೈನು, ರಾಕಿ. ಮದ್ಯಕ್ಕೆ ಟರ್ಕಿಯಲ್ಲಿ ಜಬರ್ದಸ್ತು ತೆರಿಗೆ, ಅದು ಪ್ಯಾಕೇಜಿನ ಬೆಲೆಯಲ್ಲೇ ಕೂತಿರುತ್ತದೆ. ಜೊತೆಗೆ ಸುಟ್ಟ ಮಾಂಸ, ಮೀನು. ನೀವು ಐದು ಜನ ಸಸ್ಯಾಹಾರಿಗಳು ಪಕ್ಕದ ಮೇಜಿನವರ ಬಿಯರಿಗೂ ಕಬಾಬಿಗೂ ವಂತಿಗೆ ಕೊಟ್ಟು ಸೌತೆಕಾಯಿ, ಟೊಮೆಟೊ ತಿಂದು ಬರುತ್ತೀರಿ. ಉಪವಾಸವೇನೂ ಬೀಳುವುದಿಲ್ಲ, ಬಫೆಯಲ್ಲಿ ಸಲಾಡುಗಳ ಸಾಲೇ ಇರುತ್ತದೆ. ಲೆಕ್ಕ ಮಾತ್ರ ನಿಮ್ಮ ಪರ ಇಲ್ಲ.

ಹಾಗೆಂದು ಪ್ಯಾಕೇಜು ಎಂಬ ಪದವನ್ನೇ ಓಡಿಸಬೇಡಿ. ಜರ್ಮನಿಯ ಟೂರ್ ಕಂಪನಿಗಳು ವಿಮಾನ, ಸಣ್ಣ ಹೋಟೆಲು, ಬೆಳಗಿನ ತಿಂಡಿ ಇಷ್ಟನ್ನೇ ಸೇರಿಸಿದ ಪ್ಯಾಕೇಜುಗಳನ್ನೂ ಮಾರುತ್ತವೆ. ಸೀಸನ್ನಿನ ಕೊನೆಗೆ ಅದು ಬರೀ ವಿಮಾನದ ಟಿಕೆಟ್ಟಿನ ಹತ್ತಿರ ಹತ್ತಿರ ಬರುವುದುಂಟು. ಬಿಡಿಬಿಡಿಯಾಗಿ ಬುಕ್ ಮಾಡುವ ಮುನ್ನ ಒಮ್ಮೆ ಹೋಲಿಸಿ ನೋಡಿ. ಕೈಕೂಸು ಇದ್ದು, ಹೋಟೆಲಿನ ಗೇಟು ದಾಟುವ ಮನಸ್ಸೇ ಇಲ್ಲದವರಾಗಿದ್ದರೆ ನಾನೂ ಆಲ್ ಇನ್‌ಕ್ಲೂಸಿವ್ ತಗೊಳ್ಳಿ ಎಂದೇ ಹೇಳುತ್ತಿದ್ದೆ. ಆದರೆ ಅಂಥವರು ಅಂತಾಲ್ಯದ ಆಚೆಯ ಬೆಲೆಕ್, ಸಿದೆ ಕಡೆ ಹೋಗುತ್ತಾರೆ. ಫೆತಿಯೆಗೆ ಹೋಗಿ ಗೇಟಿನೊಳಗೆ ಕೂರುವುದಕ್ಕೆ ಅರ್ಥವಿಲ್ಲ.

ವಿಮಾನದ ವಿಷಯದಲ್ಲಿ ಒಂದು ಉಪಾಯ. ಬಾಡೆನ್-ವುರ್ಟೆಂಬರ್ಗ್‌ನ ಶಾಲೆಗಳಿಗೆ ರಜೆ ಶುರುವಾದ ದಿನ ಸ್ಟುಟ್‌ಗಾರ್ಟ್‌ನಿಂದ ಹೊರಡುವ ಟಿಕೆಟ್ಟು ತೀರಾ ದುಬಾರಿ. ಪಕ್ಕದ ಹೆಸ್ಸೆನ್ ರಾಜ್ಯದ ಶರತ್ಕಾಲದ ರಜೆ ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿದಿರುತ್ತದೆ, ಹಾಗಾಗಿ ಫ್ರಾಂಕ್‌ಫರ್ಟ್‌ನಿಂದ ವಾರದ ನಡುವೆ ಹೊರಡುವ ವಿಮಾನ ನೋಡಿ. ಫೆತಿಯೆಗೆ ಹತ್ತಿರದ ವಿಮಾನ ನಿಲ್ದಾಣ ದಲಮಾನ್, ಸುಮಾರು 50 ಕಿ.ಮೀ. ಅಂತಾಲ್ಯಕ್ಕೆ ವಿಮಾನಗಳು ಹೆಚ್ಚು, ಒಮ್ಮೊಮ್ಮೆ ಅಗ್ಗವೂ ಹೌದು. ಆದರೆ ಅಲ್ಲಿಂದ ಫೆತಿಯೆ ಬಸ್ಸಿನಲ್ಲಿ ಸುಮಾರು 200 ಕಿ.ಮೀ. ಬೆಟ್ಟದ ಮೇಲಿನ ಒಳದಾರಿಯಲ್ಲಿ ಮೂರೂವರೆ, ನಾಲ್ಕು ಗಂಟೆ. ಕಡಲಂಚಿನ ದಾರಿಯ ಬಸ್ಸು ಹತ್ತಿದರೆ ನೋಟ ಚೆನ್ನ, ಹೊತ್ತು ಮಾತ್ರ ಹೆಚ್ಚುಕಡಿಮೆ ಎರಡರಷ್ಟು, ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವುದೂ ಖಾತ್ರಿ. ಐದು ಜನರ ಬಸ್ ಚಾರ್ಜು, ಹೋಗಿ ಬರುವುದರಲ್ಲಿ ಕಳೆಯುವ ಒಂದು ದಿನ ಎರಡನ್ನೂ ಕೂಡಿಸಿ. ಟಿಕೆಟ್ಟಿನಲ್ಲಿ ತಲಾ 40 ಯೂರೊ ಉಳಿಯದಿದ್ದರೆ ದಲಮಾನ್ ಸಾಕು. ದಲಮಾನ್‌ನಿಂದ ವಿಮಾನಗಳ ಹೊತ್ತಿಗೆ ಹೊಂದಿಕೊಂಡು ಬಸ್ಸು ಹೊರಡುತ್ತದೆ. ನಾನು ಮೊದಲ ಸಲ ಹೋದಾಗ ಲಗೇಜು ಬಂದಮೇಲೆ ಕಾಫಿ ಕುಡಿಯುತ್ತ ಕೂತು ಆ ಬಸ್ಸು ತಪ್ಪಿಸಿಕೊಂಡೆ. ಆಮೇಲೆ ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ಎರಡು ರಾತ್ರಿಯ ರೂಮು ಬರುತ್ತಿತ್ತು.

ಇನ್ನೊಂದು: ಟರ್ಕಿ 2016ರಿಂದ ಗಡಿಯಾರ ಹಿಂದೆ ಮುಂದೆ ಮಾಡುವುದನ್ನು ಬಿಟ್ಟಿದೆ, ಜರ್ಮನಿ ಬಿಟ್ಟಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ನಿಮ್ಮ ರಜೆಯ ನಡುವೆ ಬಂದರೆ ಹೋಗುವಾಗ ಒಂದು ಗಂಟೆ ಇದ್ದ ವ್ಯತ್ಯಾಸ ಬರುವಾಗ ಎರಡಾಗಿರುತ್ತದೆ. ಏರ್‌ಪೋರ್ಟಿಗೆ ಬಂದು ಕರೆದೊಯ್ಯುವ ಗೆಳೆಯರಿಗೆ ಮೊದಲೇ ತಿಳಿಸಿ.

ಎಲ್ಲಿ ಉಳಿಯಬೇಕು? ಫೋಟೋಗಳಲ್ಲಿ ನೀವು ನೋಡಿರುವ ನೀಲಿ ಕೊಲ್ಲಿ ಓಲುದೆನಿಜ್‌ನದು. ಹೆಸರಿನ ಅರ್ಥ ಸತ್ತ ಕಡಲು. ಅಲೆಯೇ ಏಳುವುದಿಲ್ಲವಲ್ಲ, ಅದಕ್ಕೆ ಆ ಹೆಸರು. ಫೆತಿಯೆಯಿಂದ ಸುಮಾರು 14 ಕಿ.ಮೀ. ಆ ಊರು ಇರುವುದೇ ಪ್ರವಾಸಿಗರಿಗಾಗಿ, ಹಾಗಾಗಿ ಬ್ರೆಡ್ಡಿನಿಂದ ಹಿಡಿದು ಎಲ್ಲಕ್ಕೂ ಪ್ರವಾಸಿಗರ ಬೆಲೆ. ಗುಡ್ಡದ ಮೇಲಿನ ಹಿಸಾರೊನು ಬ್ರಿಟಿಷರ ಪಬ್ಬುಗಳ ಬೀದಿ, ನಿಮಗೆ ಬೇಡ. ಫೆತಿಯೆಯ ಪಕ್ಕದ ಚಾಲಿಶ್ ಸಮತಟ್ಟು, ಕಡಲ ಪಕ್ಕ ಉದ್ದಕ್ಕೂ ನಡೆದಾಡುವ ದಾರಿ, ಸೂರ್ಯಾಸ್ತ ಎದುರಿಗೇ. ಜೂನ್‌ನಲ್ಲಿ ಹೋಗುವುದಾಗಿದ್ದರೆ ಅತ್ತೆಯ ಮೊಣಕಾಲಿಗೆ ಅದೇ ಸರಿ ಎನ್ನುತ್ತಿದ್ದೆ. ಅಕ್ಟೋಬರ್ ಕೊನೆಗೆ ಅಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿರುತ್ತವೆ. ನಿಮಗೆ ಫೆತಿಯೆ ಪೇಟೆಯೇ ವಾಸಿ. ಅದು ವರ್ಷವಿಡೀ ಬದುಕುವ ಊರು. ಶಾಲೆ, ಬ್ಯಾಂಕು, ತರಕಾರಿ ಅಂಗಡಿ, ಸಂಜೆ ಬಂದರಿನ ಪಕ್ಕ ಮೊಮ್ಮಕ್ಕಳ ಕೈಹಿಡಿದು ತಿರುಗುವ ಅಜ್ಜಂದಿರು, ಎಲ್ಲ ಇದೆ. ಅಡುಗೆಮನೆ ಇರುವ ಸಣ್ಣ ವಸತಿಗೆ ಅಲ್ಲಿ ‘ಅಪಾರ್ತ್’ ಎನ್ನುತ್ತಾರೆ, ಅದನ್ನೇ ಹುಡುಕಿ. ಬುಕ್ ಮಾಡುವಾಗ ಒಂದು ಎಚ್ಚರ: ಬಂದರಿನ ಪಶ್ಚಿಮಕ್ಕಿರುವ ಕರಾಗೊಜ್ಲೆರ್ ಬಡಾವಣೆಯಲ್ಲಿ ನೋಟ ಸೊಗಸು, ಬೆಲೆಯೂ ಪರವಾಗಿಲ್ಲ. ಆದರೆ ಅದು ಗುಡ್ಡದ ಮೈ, ಮೆಟ್ಟಿಲೋ ಮೆಟ್ಟಿಲು. ಎಷ್ಟು ಮೆಟ್ಟಿಲು ಎಂದು ಬರೆದು ಕೇಳಿಯೇ ದುಡ್ಡು ಕಟ್ಟಿ.

ಪೇಟೆಯಲ್ಲಿ ಹಳೆಯ ಟರ್ಕಿಯ ಬೀದಿಗಳನ್ನು ನಿರೀಕ್ಷಿಸಬೇಡಿ. 1957ರ ಭೂಕಂಪದಲ್ಲಿ ಊರು ನೆಲಕಚ್ಚಿತು, ಈಗಿರುವುದು ಬಹುಪಾಲು ಆಮೇಲೆ ಕಟ್ಟಿದ್ದು. ಹೆಸರೂ ಹೊಸದೇ. ಪ್ರಾಚೀನರಿಗೆ ತೆಲ್ಮೆಸ್ಸೊಸ್, ಗ್ರೀಕರಿಗೆ ಮಕ್ರಿ. 1914ರಲ್ಲಿ ವಿಮಾನ ಬಿದ್ದು ಸತ್ತ ಆಟೊಮನ್ ಪೈಲಟ್ ಫೆತಿ ಬೇ ನೆನಪಿಗೆ ಫೆತಿಯೆ ಆಯಿತು. ಭೂಕಂಪಕ್ಕೆ ಬಗ್ಗದೆ ಉಳಿದದ್ದು ಊರ ಹಿಂದಿನ ಬಂಡೆಯಲ್ಲಿ ಕಡೆದ, ಈ ಕರಾವಳಿಯ ಪ್ರಾಚೀನ ಜನರಾದ ಲಿಸಿಯನ್ನರ ಗೋರಿಗಳು. ಅವುಗಳಲ್ಲಿ ದೊಡ್ಡದಾದ ಅಮಿಂತಾಸ್ ಗೋರಿ ಕ್ರಿ.ಪೂ. 4ನೇ ಶತಮಾನದ್ದು. ಹತ್ತಿರ ಹೋಗಿ ನೋಡಲು ಟಿಕೆಟ್ಟಿದೆ. ಸಂಜೆ ದೀಪ ಹಾಕಿದಾಗ ಕೆಳಗಿನ ಬೀದಿಯಿಂದ ಸುಮ್ಮನೆ ಕತ್ತೆತ್ತಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕಡಲಿನ ಮಾತು. ಟರ್ಕಿಯ 1982ರ ಸಂವಿಧಾನದ 43ನೇ ವಿಧಿಯ ಪ್ರಕಾರ ಕಡಲತೀರ ಸರ್ಕಾರದ ಸ್ವತ್ತು, ಅದರ ಬಳಕೆಯಲ್ಲಿ ಸಾರ್ವಜನಿಕರ ಹಿತವೇ ಮೊದಲು. 1990ರ 3621ನೇ ಸಂಖ್ಯೆಯ ತೀರ ಕಾಯ್ದೆ ಅದನ್ನೇ ಬಿಡಿಸಿ ಹೇಳುತ್ತದೆ: ತೀರ ಎಲ್ಲರಿಗೂ ಸಮ, ಎಲ್ಲರಿಗೂ ಮುಕ್ತ. ಎಂದರೆ ದುಡ್ಡು ಕೇಳುವುದು ಕುರ್ಚಿಗೆ, ಕೊಡೆಗೆ, ಸ್ನಾನದ ನಲ್ಲಿಗೆ. ನೀರಿಗೂ ಮರಳಿಗೂ ಅಲ್ಲ. ಕುರ್ಚಿಗಳನ್ನು ಸಾಲಾಗಿ ಜೋಡಿಸಿ ಇಡೀ ತೀರವೇ ತಮ್ಮದು ಎಂಬಂತೆ ನಿಲ್ಲುವವರಿದ್ದಾರೆ. ಜಗಳ ಬೇಡ, ನೂರು ಹೆಜ್ಜೆ ಮುಂದೆ ಹೋದರೆ ಖಾಲಿ ಜಾಗ ಸಿಗುತ್ತದೆ. ಬೋರ್ಡಿನ ಮೇಲೆ ‘ಹಲ್ಕ್ ಪ್ಲಾಜಿ’ ಎಂದಿದ್ದರೆ ಅದು ಸಾರ್ವಜನಿಕ ತೀರ. ಓಲುದೆನಿಜ್‌ನಲ್ಲಿ ಬೆಲ್ಜೆಕಿಜ್ ಎಂಬ ಉದ್ದನೆಯ ತೀರ ಬಿಟ್ಟಿ. ಅದರ ತುದಿಯ ನೀಲಿ ಕೊಲ್ಲಿ ಮಾತ್ರ ಪ್ರಕೃತಿ ಉದ್ಯಾನ, ಅದಕ್ಕೆ ಪ್ರವೇಶ ಶುಲ್ಕವಿದೆ. ನಿಮ್ಮ ಐದು ವರ್ಷದ ಮಗುವಿಗಾಗಿ ಆ ಶುಲ್ಕ ಕೊಡಿ. ಬೆಲ್ಜೆಕಿಜ್‌ನಲ್ಲಿ ನಾಲ್ಕು ಹೆಜ್ಜೆಗೆ ನೀರು ಆಳ, ಕಾಲಡಿ ಬೆಣಚುಕಲ್ಲು. ಕೊಲ್ಲಿಯೊಳಗೆ ನೀರು ತಟ್ಟೆಯಲ್ಲಿಟ್ಟಂತೆ ನಿಂತಿರುತ್ತದೆ. ಡೆಕಾತ್‌ಲಾನ್‌ನಿಂದ ಎಲ್ಲರಿಗೂ ರಬ್ಬರ್ ಚಪ್ಪಲಿ, ಒಂದು ಸಣ್ಣ ಕೊಡೆ ಜರ್ಮನಿಯಲ್ಲೇ ಕೊಂಡು ಹೋಗಿ. ಮೂರು ದಿನದ ಕುರ್ಚಿ ಬಾಡಿಗೆಯಲ್ಲೇ ಅವುಗಳ ದುಡ್ಡು ಹುಟ್ಟುತ್ತದೆ.

ಅಕ್ಟೋಬರ್ ಕೊನೆಗೆ ಈಜಬಹುದೇ? ಬೇಸಿಗೆಯಿಡೀ ಕಾದ ಕಡಲು ನಿಧಾನವಾಗಿ ಆರುತ್ತದೆ, ನೀರು 23 ಡಿಗ್ರಿಯ ಆಸುಪಾಸು. ಮಧ್ಯಾಹ್ನ ಹಿತ. ಆರೂವರೆಯೊಳಗೆ ಕತ್ತಲು, ನಡುವೆ ಒಂದು ದಿನ ಮಳೆ ಬಂದರೆ ಬೇಸರಪಡಬೇಡಿ. ಅಕ್ಟೋಬರ್ 29 ಅವರ ಗಣರಾಜ್ಯ ದಿನ, 1923ರ ನೆನಪು. ಬ್ಯಾಂಕು, ಕಚೇರಿಗಳಿಗೆ ರಜೆ, ಸಂಜೆ ಪೇಟೆಯಲ್ಲಿ ಬಾವುಟ, ಮೆರವಣಿಗೆ. ಮಕ್ಕಳಿಗೆ ಖುಷಿಯಾಗುತ್ತದೆ, ಖರ್ಚೂ ಇಲ್ಲ.

ಓಡಾಟಕ್ಕೆ ಕಾರು ಬೇಡ, ದೊಲ್ಮುಶ್ ಇದೆ. ನಮ್ಮ ಮ್ಯಾಕ್ಸಿಕ್ಯಾಬಿನ ಅಣ್ಣ. ದೊಲ್ಮುಶ್ ಎಂದರೆ ‘ತುಂಬಿದ್ದು’. ಅದೇ ಬೇರಿನಿಂದ ಬಂದ ದೊಲ್ಮಾ ಎಂದರೆ ನಮ್ಮ ತುಂಬುಗಾಯಿ. ಬದನೆಗೆ ಅನ್ನ ತುಂಬಿದರೆ ದೊಲ್ಮಾ, ವ್ಯಾನಿಗೆ ಜನ ತುಂಬಿದರೆ ದೊಲ್ಮುಶ್. ಗಾಜಿನ ಮೇಲೆ ಊರಿನ ಹೆಸರು ಬರೆದಿರುತ್ತದೆ, ದಾರಿಬದಿ ನಿಂತು ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ. ಚಾರ್ಜು ನಿಗದಿತ, ಚೌಕಾಸಿಯಿಲ್ಲ. ಹಿಂದೆ ಕೂತವರ ದುಡ್ಡು ಕೈಯಿಂದ ಕೈಗೆ ದಾಟಿ ಡ್ರೈವರಿಗೆ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಳಿಯುವಾಗ ‘ಇನೆಜೆಕ್ ವಾರ್’ ಎಂದು ಕೂಗಬೇಕು. ಪದಕ್ಕೆ ಪದ ನಮ್ಮ ‘ಇಳಿಯೋರಿದ್ದಾರೆ’! ಅತ್ತೆಗೆ ಇದನ್ನು ಹೇಳಿಕೊಡಿ, ದಾವಣಗೆರೆಯಲ್ಲಿ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಅಲ್ಲಿ ಏನೂ ಹೊಸದಲ್ಲ. ಓಲುದೆನಿಜ್, ಚಾಲಿಶ್, ಕಾಯಾಕೊಯ್, ಸಕ್ಲಿಕೆಂತ್ ಎಲ್ಲಕ್ಕೂ ಫೆತಿಯೆಯಿಂದ ದೊಲ್ಮುಶ್ ಹೊರಡುತ್ತದೆ. ಸೀಸನ್ ಇಳಿದಮೇಲೆ ಗಾಡಿಗಳು ಕಡಿಮೆ, ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಡ್ರೈವರನ್ನು ಕೇಳಿಕೊಳ್ಳಿ.

ಊಟದಲ್ಲಿ ಉಳಿತಾಯವೂ ಇದೆ, ಮೋಸ ಹೋಗುವುದೂ ಇದೆ. ‘ಎಸ್ನಾಫ್ ಲೊಕಾಂತಸಿ’ ಎಂಬ ಬೋರ್ಡು ಹುಡುಕಿ. ಅಂಗಡಿಕಾರರು, ಕೆಲಸಗಾರರು ಉಣ್ಣುವ ಜಾಗ, ಶುದ್ಧ ಖಾನಾವಳಿ. ಬೆಳಿಗ್ಗೆ ಬೇಯಿಸಿದ್ದು ತಟ್ಟೆತಟ್ಟೆಯಾಗಿ ಗಾಜಿನ ಹಿಂದೆ ಬಿಸಿಯಾಗಿ ಕೂತಿರುತ್ತದೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಬ್ರೆಡ್ಡು ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಸಂಜೆಗೆ ಪಾತ್ರೆಗಳು ಬರಿದಾಗಿರುತ್ತವೆ. ಮೆನುವಿನ ಯಾವ ಭಾಗದಲ್ಲಿ ‘ಜೆಯ್ತಿನ್ಯಾಲಿ’ ಎಂದಿದೆ ನೋಡಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿಗಳವು: ಬೀನ್ಸ್, ಬದನೆ, ಪಲ್ಲೆಹೂ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ನಿಮ್ಮ ಅನ್ನದಾತ ಈ ಸಾಲು.

ಈಗ ಬಲೆಗಳು. ‘ಇಮಾಮ್ ಬಾಯಿಲ್ದಿ’ ಮತ್ತು ‘ಕರ್ನಿಯಾರಿಕ್’ ಎರಡೂ ಹೊಟ್ಟೆ ಸೀಳಿದ ಬದನೆಯೇ, ದೂರದಿಂದ ಅವಳಿ ಜವಳಿ. ಮೊದಲನೆಯದರಲ್ಲಿ ಈರುಳ್ಳಿ, ಟೊಮೆಟೊ. ಎರಡನೆಯದರಲ್ಲಿ ಕೈಮಾ. ಬೇಳೆಸಾರು ‘ಮೆರ್ಜಿಮೆಕ್ ಚೋರ್ಬಾಸಿ’ ನೋಡಿದರೆ ನಮ್ಮದೇ ತೊವ್ವೆ. ಆದರೆ ಹಲವು ಕಡೆ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಅನ್ನದ ‘ಪಿಲಾವ್’ ಕೋಳಿ ಬೆಂದ ನೀರಿನಲ್ಲಿ ಬೆಂದಿರಬಹುದು. ಬಿಳಿ ಬೀನ್ಸ್ ಕಾಳಿನ ‘ಕುರು ಫಸುಲ್ಯೆ’ಯಲ್ಲಿ ಮಾಂಸದ ಚೂರು ಅಡಗಿರುತ್ತದೆ. ‘ಎತ್ಸಿಜ್’ ಎಂದರೆ ಮಾಂಸವಿಲ್ಲದ್ದು. ಆ ಒಂದು ಪದ ನಂಬಿ ಕೂರಬೇಡಿ, ಅವರ ಲೆಕ್ಕದಲ್ಲಿ ‘ಎತ್’ ಎಂದರೆ ಕುರಿ, ದನ. ಕೋಳಿ ಬೇರೆ ಜಾತಿ! ‘ಎತ್ ಯೋಕ್, ತಾವುಕ್ ಯೋಕ್, ಬಾಲಿಕ್ ಯೋಕ್, ಎತ್ ಸುಯು ಯೋಕ್’ ಎಂದು ಚೀಟಿಯಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ, ಮಾಂಸದ ನೀರೂ ಇಲ್ಲ ಎಂದರ್ಥ.

ನಿಶ್ಚಿಂತೆಯಿಂದ ತಿನ್ನಬಹುದಾದದ್ದೂ ಬೇಕಾದಷ್ಟಿದೆ. ‘ಗೊಜ್ಲೆಮೆ’ ತೆಳ್ಳನೆಯ ರೊಟ್ಟಿ. ಹೆಂಗಸರು ಮಣೆಯ ಮುಂದೆ ಕೂತು ಉದ್ದನೆಯ ಕೋಲಿನಲ್ಲಿ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸುತ್ತಾರೆ, ಒಳಗೆ ಪಾಲಕ್ ಅಥವಾ ಆಲೂಗಡ್ಡೆ ಅಥವಾ ಚೀಸು. ‘ಸಿಮಿತ್’ ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು, ಬೆಳಗಿನ ಹಸಿವಿಗೆ ಇದಕ್ಕಿಂತ ಅಗ್ಗದ್ದಿಲ್ಲ. ಅಂಗಡಿಯಲ್ಲಿ ಮಾರುವ ‘ಚೀ ಕೊಫ್ತೆ’ ಹೆಸರಿಗೆ ಹಸಿ ಮಾಂಸದುಂಡೆ. ಹಸಿ ಮಾಂಸದ್ದನ್ನು ಮಾರುವುದಕ್ಕೆ ನಿಷೇಧವಿರುವುದರಿಂದ ಅಂಗಡಿಯಲ್ಲಿ ಸಿಗುವುದು ಗೋಧಿ ನುಚ್ಚು, ಮೆಣಸಿನ ಹಿಂಡಿ, ದಾಳಿಂಬೆಯ ಹುಳಿ ಸೇರಿಸಿ ನಾದಿದ್ದು. ರೊಟ್ಟಿಯಲ್ಲಿ ಸುತ್ತಿ ಕೊಡುತ್ತಾರೆ. ಖಾರ ಇರುತ್ತದೆ, ಮಿರ್ಚಿ ಮಂಡಕ್ಕಿಯ ಊರಿನ ನಿಮ್ಮ ಅತ್ತೆಗೆ ನಾಲಿಗೆ ಚುರುಕಾಗುವುದು ಇಲ್ಲೇ. ಕುಡಿಯಲು ಅಯ್ರಾನ್, ನಮ್ಮ ಉಪ್ಪು ಮಜ್ಜಿಗೆ, ಒಗ್ಗರಣೆ ಒಂದು ಇಲ್ಲ. ಊಟ ಮುಗಿದಮೇಲೆ ‘ಹೆಸಾಪ್’ ಎಂದರೆ ಬಿಲ್ಲು ತರುತ್ತಾರೆ, ಹಿಸಾಬು ಕೇಳಿದಷ್ಟೇ ಸಲೀಸು. (ಮೀನು ತಿನ್ನುವ ಕರಾವಳಿಯವರು ಇದನ್ನು ಓದುತ್ತಿದ್ದರೆ: ಫೆತಿಯೆಯ ಮೀನು ಮಾರುಕಟ್ಟೆಯಲ್ಲಿ ನೀವೇ ಮೀನು ಆರಿಸಿ ತೂಗಿಸಿ, ಸುತ್ತಲಿನ ಹೋಟೆಲಿಗೆ ಕೊಟ್ಟರೆ ಬೇಯಿಸುವ ಕೂಲಿ ತೆಗೆದುಕೊಂಡು ಬಡಿಸುತ್ತಾರೆ. ತೂಗುವ ಮುನ್ನ ಕಿಲೋ ಬೆಲೆ, ಕೂಲಿ ಎರಡನ್ನೂ ಕೇಳಿ.)

ಬೆಲೆ ಕೇಳುವ ಬಗ್ಗೆ ನಾಚಿಕೆ ಬೇಡ. ಹೋಟೆಲುಗಳು ಬೆಲೆಪಟ್ಟಿಯನ್ನು ಬಾಗಿಲಲ್ಲೂ ಮೇಜಿನ ಮೇಲೂ ಇಡಬೇಕೆಂಬ ನಿಯಮವೇ ಇದೆ. ಪಟ್ಟಿ ಕಾಣದ ಕಡೆ ಕೂರಬೇಡಿ. ಒಮ್ಮೆ ದೋಣಿಕಟ್ಟೆಯ ಹತ್ತಿರದ ಒಂದು ಹೋಟೆಲಿನಲ್ಲಿ ಕೂತ ಕೂಡಲೇ ಹತ್ತು ಸಣ್ಣ ಬಟ್ಟಲು ಚಟ್ನಿ, ಮೊಸರು, ಬದನೆ ತಂದಿಟ್ಟರು. ಉಪಚಾರ ಎಂದುಕೊಂಡು ನಾನು ಎಲ್ಲವನ್ನೂ ಬಳಿದೆ. ಬಿಲ್ಲಿನಲ್ಲಿ ಹತ್ತು ಸಾಲು ಇದ್ದವು.

ಮಂಗಳವಾರ ಫೆತಿಯೆಯ ಸಂತೆ. ನಿಮ್ಮ ವಾರವನ್ನು ಅದರ ಸುತ್ತ ಜೋಡಿಸಿ, ಭಾನುವಾರ ಅಥವಾ ಸೋಮವಾರ ಇಳಿದರೆ ಒಳ್ಳೆಯದು. ಅಕ್ಟೋಬರಿನಲ್ಲಿ ದಾಳಿಂಬೆಯ ಕಾಲ, ಒಣ ಅಂಜೂರ, ಆಲಿವ್, ಸೊಪ್ಪು, ಹಸಿ ಮೆಣಸಿನಕಾಯಿ ಎಲ್ಲ ಸಿಗುತ್ತದೆ. ಒಂದು ಭಾಗ ಪ್ರವಾಸಿಗರ ಚೀಲ, ಅಂಗಿಗಳದು. ಅದನ್ನು ದಾಟಿ ತರಕಾರಿಯ ಕಡೆ ನಡೆಯಿರಿ. ಬೆಲೆ ರಟ್ಟಿನ ಮೇಲೆ ಬರೆದಿರುತ್ತದೆ, ಹೊತ್ತು ಇಳಿದಮೇಲೆ ಹೋದರೆ ಇನ್ನೂ ಇಳಿದಿರುತ್ತದೆ. ಬೇಳೆ, ಎಣ್ಣೆ, ಹಾಲು, ಐದು ಲೀಟರಿನ ನೀರಿನ ಕ್ಯಾನುಗಳಿಗೆ ಬಿಮ್, ಎ-101, ಶೋಕ್ ಎಂಬ ಅಗ್ಗದ ಅಂಗಡಿಗಳು ಮೂಲೆಮೂಲೆಗಿವೆ, ನಿಮ್ಮ ಆಲ್ಡಿ, ಲಿಡ್ಲ್ ಇದ್ದ ಹಾಗೆ. ಅಲ್ಲಿ ಸಿಗುವ ಬುಲ್ಗುರ್ ಗೋಧಿ ನುಚ್ಚೇ. ಸಾಸಿವೆ, ಕರಿಬೇವು, ಸಾರಿನ ಪುಡಿ ಒಂದು ಡಬ್ಬಿಯಲ್ಲಿ ಒಯ್ದರೆ ಬೆಳಗಿನ ಉಪ್ಪಿಟ್ಟು, ರಾತ್ರಿಯ ಕೆಂಪು ಬೇಳೆ ಸಾರು ರೂಮಿನಲ್ಲೇ. ಹೊರಗೆ ದಿನಕ್ಕೊಂದೇ ಊಟ, ಅದೂ ಮಧ್ಯಾಹ್ನ ಲೊಕಾಂತದಲ್ಲಿ. ನಿಮ್ಮ ವಾರದ ಉಳಿತಾಯದ ಅರ್ಧ ಇಲ್ಲೇ ಆಗುತ್ತದೆ.

ದುಡ್ಡಿನ ವಿಷಯ ಚುಟುಕಾಗಿ: ಕಾರ್ಡು ಉಜ್ಜುವಾಗ ಮೆಷೀನು ‘ಯೂರೊದಲ್ಲೋ ಲಿರಾದಲ್ಲೋ’ ಎಂದು ಕೇಳಿದರೆ ಯಾವಾಗಲೂ ಲಿರಾ. ಏರ್‌ಪೋರ್ಟಿನಲ್ಲಿ ಯೂರೊ ಬದಲಿಸಬೇಡಿ, ಪೇಟೆಯ ‘ದೊವಿಜ್’ ಅಂಗಡಿಯಲ್ಲಿ ಬದಲಿಸಿ. ಎಟಿಎಂಗಳು ವಿದೇಶಿ ಕಾರ್ಡಿಗೆ ದಪ್ಪ ಶುಲ್ಕ ಹಾಕುತ್ತವೆ, ಪರದೆಯ ಮೇಲೆ ಅದು ತೋರಿದಾಗ ಓದಿ, ಬೇಡವಾದರೆ ರದ್ದು ಮಾಡಿ ಹೊರಬನ್ನಿ.

ನೋಡಬೇಕಾದದ್ದರಲ್ಲಿ ನಾನು ಬಿಡಬೇಡಿ ಎನ್ನುವುದು ಕಾಯಾಕೊಯ್. ಗುಡ್ಡದ ಮೈತುಂಬ ಚಾವಣಿಯಿಲ್ಲದ ನೂರಾರು ಕಲ್ಲಿನ ಮನೆಗಳು, ಎರಡು ದೊಡ್ಡ ಚರ್ಚುಗಳು. ಲೆವಿಸ್ಸಿ ಎಂದು ಹೆಸರಿದ್ದ ಈ ಊರಿನಲ್ಲಿ ಗ್ರೀಕ್ ಕ್ರೈಸ್ತರು ಇದ್ದರು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲುಬದಲು ಮಾಡಿಕೊಂಡವು. ಇಲ್ಲಿಂದ ಹೋದವರಲ್ಲಿ ಕೆಲವರು ಅಥೆನ್ಸಿನ ಹತ್ತಿರ ನೆಯಾ ಮಕ್ರಿ, ಅಂದರೆ ಹೊಸ ಮಕ್ರಿ, ಕಟ್ಟಿಕೊಂಡರು. ಗ್ರೀಸಿನಿಂದ ಇಲ್ಲಿಗೆ ಬಂದವರಿಗೆ ಈ ಕಲ್ಲುಗುಡ್ಡ ಒಗ್ಗಲಿಲ್ಲ, ಊರು ಖಾಲಿಯೇ ಉಳಿಯಿತು, ಮಿಕ್ಕದ್ದನ್ನು 1957ರ ಭೂಕಂಪ ನೋಡಿಕೊಂಡಿತು. ನಿಮ್ಮ ಅತ್ತೆ ದಾವಣಗೆರೆಯವರು. ದೇಶ ವಿಭಜನೆಯನ್ನು ಪುಸ್ತಕದಲ್ಲಿ ಮಾತ್ರ ಓದಿದ ಕಡೆಯವರು ನಾವು. ಅಡುಗೆಮನೆಯ ಒಲೆಯ ಗೂಡು ಗೋಡೆಯಲ್ಲಿ ಹಾಗೇ ಇರುವುದನ್ನು ಕಂಡಾಗ ನನಗೆ ಅದು ಬೇರೆ ಥರ ಅರ್ಥವಾಯಿತು. ಕೆಳಗಿನ ಬೀದಿಯಲ್ಲಿ ಅತ್ತೆಯನ್ನು ಚಹಾದ ಮುಂದೆ ಕೂರಿಸಿ ನೀವು ಹತ್ತಿ ಬನ್ನಿ. ಅಲ್ಲಿಂದ ಓಲುದೆನಿಜ್‌ಗೆ ಕಾಡಿನ ನಡುವೆ ಗುರುತು ಹಾಕಿದ ಕಾಲುದಾರಿಯಿದೆ, ಎರಡೂವರೆ ಗಂಟೆ. ಐದು ವರ್ಷದ ಕಾಲಿಗೆ ಅದು ಹೆಚ್ಚು. ದೊಡ್ಡ ಮಗ, ಅಪ್ಪ ಇಬ್ಬರೇ ನಡೆದು ಬರಲಿ.

ಸಕ್ಲಿಕೆಂತ್ ಕಮರಿ 18 ಕಿ.ಮೀ. ಉದ್ದ, ಒಳಗೆ ಹಿಮದಂಥ ನೀರು. ಬೇಸಿಗೆಯಲ್ಲಿ ಸ್ವರ್ಗ, ಅಕ್ಟೋಬರ್ ಕೊನೆಗೆ ಮಕ್ಕಳ ಜೊತೆ ಬೇಡ. ಬದಲಿಗೆ ಪತಾರಾಗೆ ಒಂದು ದಿನ ಕೊಡಿ. 18 ಕಿ.ಮೀ. ಉದ್ದದ ಮರಳು, ಕಡಲಾಮೆ ಮೊಟ್ಟೆಯಿಡುವ ಜಾಗ. ಹಿಂದೆಯೇ ಲಿಸಿಯನ್ ಒಕ್ಕೂಟದ ಸಭಾಭವನದ ಕಲ್ಲುಮೆಟ್ಟಿಲು, ರಂಗಮಂದಿರ. ಒಂದೇ ಟಿಕೆಟ್ಟಿನಲ್ಲಿ ಊರ ಹಾಳು, ಕಡಲು ಎರಡೂ. ಇಂಥ ಸ್ಥಳಗಳಲ್ಲಿ ವಿದೇಶಿಯರಿಗೆ ಟಿಕೆಟ್ಟು ಈಗ ಯೂರೊ ಲೆಕ್ಕದಲ್ಲಿ. ಮ್ಯೂಸಿಯಂ ಪಾಸ್ ಮಾರುತ್ತಾರೆ, ಒಂದು ವಾರದಲ್ಲಿ ಎರಡು ಮೂರು ಕಡೆ ಹೋಗುವ ನಿಮಗೆ ಅದು ಗಿಟ್ಟುವುದಿಲ್ಲ.

ದೋಣಿಯಲ್ಲಿ ಹನ್ನೆರಡು ದ್ವೀಪ ಸುತ್ತಿಸುವ ಪ್ರವಾಸಕ್ಕೆ ಹೋಟೆಲಿನ ಮೂಲಕ ಬುಕ್ ಮಾಡಬೇಡಿ. ಹಿಂದಿನ ಸಂಜೆ ಬಂದರಿಗೇ ನಡೆದು ಹೋಗಿ, ದೋಣಿಯನ್ನು ಕಣ್ಣಾರೆ ನೋಡಿ ಮಾತಾಡಿ. ಸೀಸನ್ನಿನ ಕೊನೆಗೆ ಚೌಕಾಸಿಗೆ ಬಗ್ಗುತ್ತಾರೆ. ಊಟ ಸೇರಿರುತ್ತದೆ, ಸಾಮಾನ್ಯವಾಗಿ ಮೀನು ಅಥವಾ ಕೋಳಿ, ಜೊತೆಗೆ ಪಾಸ್ತಾ, ಸಲಾಡು. ಪಾನೀಯಕ್ಕೆ ಬೇರೆ ದುಡ್ಡು, ಅವರ ದುಬಾರಿ ಅಂಗಡಿಯೇ ಅದು.

ಉಳಿಸಬಾರದ ಜಾಗ ಎರಡು. ಒಂದು, ವಿಮೆ. ಅತ್ತೆಯ ಷೆಂಗೆನ್ ವಿಮೆ ಟರ್ಕಿಗೆ ಅನ್ವಯಿಸದೇ ಇರಬಹುದು. ಕೆಲವು ಪಾಲಿಸಿಗಳು ‘ಯುರೋಪ್’ ಎಂದು ಹೇಳಿ ಟರ್ಕಿಯ ಯುರೋಪಿನ ತುಣುಕನ್ನು ಮಾತ್ರ ಒಳಗೊಳ್ಳುತ್ತವೆ, ಫೆತಿಯೆ ಇರುವುದು ಏಷ್ಯಾದಲ್ಲಿ. ಒಂದು ವಾರಕ್ಕೆ ಬೇರೆ ಪಾಲಿಸಿ ಮಾಡಿಸಿ. ನೀವು ಜರ್ಮನಿಯ ಸರ್ಕಾರಿ ವಿಮೆಯಲ್ಲಿದ್ದರೆ ಎರಡು ದೇಶಗಳ ನಡುವೆ ಒಪ್ಪಂದವಿದೆ, ಹೊರಡುವ ಮುನ್ನ ನಿಮ್ಮ ಕ್ರಾಂಕೆನ್‌ಕಾಸ್ಸೆಯಿಂದ (ಆರೋಗ್ಯ ವಿಮಾ ಸಂಸ್ಥೆ) ಟರ್ಕಿಯ ಫಾರಂ ಕೇಳಿ ಪಡೆಯಿರಿ. ಖಾಸಗಿ ಆಸ್ಪತ್ರೆಗಳಲ್ಲಿ ಅದು ನಡೆಯದೇ ಇರಬಹುದು, ಹಾಗಾಗಿ ಸಣ್ಣದೊಂದು ಪ್ರವಾಸಿ ವಿಮೆ ನಿಮಗೂ ಇರಲಿ.

ಎರಡನೆಯದು ನಿಮ್ಮ ಮಗನ ಪ್ಯಾರಾಗ್ಲೈಡಿಂಗ್. ಬಾಬಾದಾ ಬೆಟ್ಟ 1,969 ಮೀಟರ್, ನೇರ ಕಡಲ ಪಕ್ಕದಲ್ಲೇ ಎದ್ದು ನಿಂತಿದೆ. ಜಗತ್ತಿನೆಲ್ಲೆಡೆಯಿಂದ ಹಾರುವವರು ಬರುತ್ತಾರೆ. ಇಲ್ಲಿ ಚೌಕಾಸಿ ಮಾಡಬೇಡಿ. ಬೀದಿಯಲ್ಲಿ ಹಿಡಿದು ಅರ್ಧ ಬೆಲೆ ಹೇಳುವವನು ಯಾವುದರಲ್ಲಿ ಅರ್ಧ ಉಳಿಸಿದ್ದಾನೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಪೈಲಟ್ಟಿನ ಪರವಾನಗಿ, ವಿಮೆ, ಮಕ್ಕಳಿಗೆ ಇರುವ ವಯಸ್ಸು ಮತ್ತು ತೂಕದ ಮಿತಿ ಕೇಳಿ. ಗಾಳಿ ಸರಿಯಿಲ್ಲ, ನಾಳೆ ಬನ್ನಿ ಎನ್ನುವವರು ಒಳ್ಳೆಯವರು. ಅಷ್ಟು ದುಡ್ಡು ಬೇಡ ಎನ್ನಿಸಿದರೆ ಬೆಟ್ಟಕ್ಕೆ 2021ರಿಂದ ಕೇಬಲ್ ಕಾರ್ ಇದೆ, ಟಿಕೆಟ್ಟು ಅಗ್ಗವೇನಲ್ಲ, ಆದರೆ ಅತ್ತೆಯೂ ಹತ್ತಬಹುದು. ಅದೂ ಬೇಡವಾದರೆ ಒಂದು ಮಧ್ಯಾಹ್ನ ಬೆಲ್ಜೆಕಿಜ್ ತೀರದಲ್ಲಿ ಗೊಜ್ಲೆಮೆ ಹಿಡಿದು ಕೂರಿ. ಹಾರಿದವರೆಲ್ಲ ಅಲ್ಲೇ, ತೀರದ ಪಕ್ಕದ ನಡೆದಾಡುವ ದಾರಿಯ ಮೇಲೇ ಬಂದು ಇಳಿಯುತ್ತಾರೆ. ಕೆಲವರು ಕಾಲೂರಿ, ಕೆಲವರು ಕುಂಡೆಯೂರಿ. ಮಗ ಯಾರು ಯಾವುದು ಎಂದು ಎಣಿಸುತ್ತ ಎರಡು ಗಂಟೆ ಕೂರುತ್ತಾನೆ.